ಇಪ್ಪತ್ತೇಳು ಮುತ್ತು, ಒಂದು ತಿದ್ದುಪಡಿ

ನಮ್ಮಲ್ಲಿ ಮೇ ಒಂದನೇ ತಾರೀಕು ಹೂಬಿಟ್ಟ ಚೆರ್ರಿ ಮರದ ಕೆಳಗೆ ತುಟಿಗೋ ಕೆನ್ನೆಗೋ ಒಂದು ಮುತ್ತು ಸಿಗದ ಹೆಂಗಸು ಆ ವರ್ಷವೆಲ್ಲ ಒಣಗಿಹೋಗುತ್ತಾಳೆ. ಹೇಗೆ ಒಣಗುತ್ತಾಳೆ, ಮೊದಲು ಕೈಯೋ ಕಾಲೋ, ಎಂದು ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸದೆಯೇ ಎಲ್ಲರೂ ಆ ದಿನ ಮರ ಹುಡುಕಿಕೊಂಡು ಹೊರಡುತ್ತಾರೆ. ಚೆರ್ರಿ ಸಿಗದಿದ್ದರೆ ಸೇಬು, ಸೇಬೂ ಇಲ್ಲದಿದ್ದರೆ ಬರ್ಚ್. ಪ್ರಾಗ್‌ನವರಿಗೆ ಕಷ್ಟವಿಲ್ಲ, ಅಲ್ಲಿ ಗುಡ್ಡದ ತುಂಬ ಹೂವು. ನಮ್ಮ ಯೆದ್ಲೊವಾ ಎತ್ತರದಲ್ಲಿರುವ ಊರು. ಏಪ್ರಿಲ್ ಮುಗಿಯುವವರೆಗೂ ಇಲ್ಲಿ ಯಾರೂ ಕೈಗವಸನ್ನು ಪೆಟ್ಟಿಗೆಗೆ ಹಾಕುವುದಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಎಂದು ಅರ್ಧ ಪುಟ ಬರೆದುಕೊಡಿ ಎಂದು ಪುರಸಭೆಯ ಹ್ಲಾವಾಚ್ ನನ್ನನ್ನು ಕೇಳಿದರು. ಅವರು ಸಂಸ್ಕೃತಿ, ಗಿಡಮರ ಮತ್ತು ಕಳೆದುಹೋದ ವಸ್ತುಗಳು ಎಂಬ ಮೂರು ವಿಭಾಗಗಳಿಗೆ ಒಬ್ಬರೇ ಅಧಿಕಾರಿ. ಪುರಸಭೆಯ ಮಾಸಪತ್ರಿಕೆಯೂ ಅವರದೇ.

"ನೀವು ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದವರಲ್ವಾ?" ಅಂದರು. "ಹೇಗೂ ಈಗ ಮನೆಯಲ್ಲೇ ಇರ್ತೀರಿ."

ಗಂಡ ಮಿಲಾನ್ ತೀರಿಹೋದ ಮೇಲೆ ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತಿದ್ದೆ. ಇಲ್ಲ ಅನ್ನಲು ಕಾರಣ ಸಿಗಲಿಲ್ಲ. ಬರೆದೆ. ಹಳೆಯ ಕಾಲದ ವಸಂತದ ಆಚರಣೆಗಳಿಂದ ಬಂದಿರಬಹುದು ಎಂದು ಕೆಲವರು, ಅಷ್ಟೇನೂ ಹಳೆಯದಲ್ಲ ಎಂದು ಕೆಲವರು; ಖಚಿತವಾದ ದಾಖಲೆ ನನಗೆ ಸಿಕ್ಕಿಲ್ಲ. ನೆಲಮಹಡಿಯ ದ್ರಾಹಾ ಅಜ್ಜಿಯನ್ನೂ ಕೇಳಿದ್ದೆ. ಎಪ್ಪತ್ತೆಂಟು ವರ್ಷದ ಅಜ್ಜಿ ಕಿಟಕಿಯ ಕಟ್ಟೆಯ ಮೇಲೆ ದಿಂಬು ಹಾಕಿ ಮೊಣಕೈ ಊರಿಕೊಂಡು ಅಂಗಳವನ್ನು ಕಾಯುವವರು.

"ಎಲ್ಲಿಂದ ಬಂತು ಅಂದ್ರೆ, ಕಾರ್ಮಿಕರ ದಿನದ ಮೆರವಣಿಗೆಯಿಂದ ಬಂತು ಮಗಳೇ," ಅಂದರು ಅಜ್ಜಿ. "ಆಗೆಲ್ಲ ಮೇ ಒಂದಕ್ಕೆ ಕಾರ್ಖಾನೆಯವರು ಬಾವುಟ ಕೊಟ್ಟು ನಿಲ್ಲಿಸೋರು. ಹಾಜರಿ ಹಾಕೋರು. ಹಾಜರಿ ಆದ ಮೇಲೆ ಬಾವುಟ ಬೇಲಿಗೆ ಒರಗಿಸಿ ತೋಟದ ಕಡೆ ಓಡಿಬಿಡ್ತಿದ್ವಿ. ಅಷ್ಟೇ ಇತಿಹಾಸ."

ಇದನ್ನೆಲ್ಲ ಸೇರಿಸಿದರೂ ಅರ್ಧ ಪುಟದ ಕೊನೆಗೆ ನಾಲ್ಕು ಸಾಲಿನ ಜಾಗ ಉಳಿಯಿತು. ಸ್ಥಳೀಯ ಉದಾಹರಣೆ ಒಂದಿದ್ದರೆ ತುಂಬುತ್ತಿತ್ತು ಎಂದು ಮೆಟ್ಟಿಲ ಮೇಲೆ ಯಾರಿಗೋ ಹೇಳುತ್ತಿದ್ದಾಗ ಕೆಳಗಿನ ಮನೆಯ ಲುಬೊಶ್ ಶಿಂದೆಲಾರ್ ಚೀಲ ನೇತುಹಾಕಿಕೊಂಡು ಇಳಿಯುತ್ತಿದ್ದರು. ಮನೆಮನೆಯ ನೀರಿನ ಮೀಟರು ಓದುವುದು ಅವರ ಕೆಲಸ. ಐವತ್ತೈದು ವರ್ಷದಲ್ಲಿ ಅವರ ಬಗ್ಗೆ ಯಾರೂ ಏನನ್ನೂ ಬರೆದಿರಲಿಲ್ಲ.

"ನನ್ನ ಬಗ್ಗೆ ಬರೀರಿ," ಅಂದರು. "ಅಂಗಳದ ಚೆರ್ರಿ ಮರ ನೆಟ್ಟಿದ್ದು ನಾನೇ. ಮದುವೆಯಾದ ವರ್ಷ."

"ಅದರ ಕೆಳಗೆ ಮುತ್ತು..."

"ಮತ್ತೇನು, ಬಟ್ಟೆ ಒಣಗಿಸೋಕೆ ನೆಟ್ಟಿದ್ನಾ? ಇಪ್ಪತ್ತೇಳು ವರ್ಷ. ಒಂದೂ ತಪ್ಪಿಲ್ಲ."

ಯಾರಿಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ಏಕೆಂದರೆ ಮದುವೆಯಾದವರನ್ನು ಹಾಗೆ ಕೇಳುವುದಿಲ್ಲ. 'ಶ್ರೀ ಲುಬೊಶ್ ಶಿಂದೆಲಾರ್ ಅವರು ತಾವೇ ನೆಟ್ಟ ಮರದ ಕೆಳಗೆ ಇಪ್ಪತ್ತೇಳು ವರ್ಷಗಳಿಂದ ಒಮ್ಮೆಯೂ ತಪ್ಪದೆ ಮುತ್ತು ಕೊಡುತ್ತ ಬಂದಿದ್ದಾರೆ' ಎಂದು ಬರೆದೆ. ಹೆಂಡತಿಯ ಹೆಸರು ಸೇರಿಸಿದರೆ ಐದನೇ ಸಾಲಿಗೆ ಹೋಗುತ್ತಿತ್ತು. ಬಿಟ್ಟೆ.

ಪತ್ರಿಕೆ ಏಪ್ರಿಲ್ ಹದಿನೈದಕ್ಕೆ ಬಂತು. ಪದ್ಧತಿಯ ಮೂಲವನ್ನು ಕುರಿತ ನನ್ನ ಇಪ್ಪತ್ತೆಂಟು ಸಾಲುಗಳನ್ನು ಊರಿನಲ್ಲಿ ಯಾರೂ ಓದಲಿಲ್ಲ. ಕೊನೆಯ ನಾಲ್ಕು ಸಾಲು ಎಲ್ಲರಿಗೂ ಬಾಯಿಪಾಠವಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಬ್ಲಾಂಕಾಗೆ, ಅಂದರೆ ಶ್ರೀಮತಿ ಶಿಂದೆಲಾರ್‌ಗೆ, ಕೆಮ್ಮಿನ ಸಿರಪ್ ಕೊಳ್ಳಲು ಬಂದವರೊಬ್ಬರು ಅಭಿನಂದನೆ ಹೇಳಿದರಂತೆ.

ನಮ್ಮ ಕಟ್ಟಡದ ಗೋಡೆಗಳು ಗುಟ್ಟು ಕಾಪಾಡಲು ಕಟ್ಟಿದವಲ್ಲ. ಆ ಸಂಜೆ ನಾನು ಪೆನ್ಸಿಲ್ ಹಿಡಿದು ಕೂತಲ್ಲಿಗೇ ಕೆಳಗಿನ ಮಾತು ಕೇಳಿಸಿತು.

"ಯಾರಿಗೆ?"

"ಏನು ಯಾರಿಗೆ?"

"ಇಪ್ಪತ್ತೇಳು ಸಲ. ಯಾರಿಗೆ, ಲುಬೊಶ್?"

"ಅಯ್ಯೋ ಬ್ಲಾಂಕಾ, ನಿನಗೇ ಅಂತ ಅರ್ಥ ಅದು."

"ನನಗಾ? ಆ ಮರದ ಕೆಳಗೆ ನಾನು ನಿಂತಿರೋದು ಕಾರ್ಪೆಟ್ ಬಡಿಯೋಕೆ ಮಾತ್ರ. ನೀನು ಮೇಲಿಂದ ಜೋರಾಗಿ ಬಡಿ ಅಂತಿದ್ದೆ."

"ಹಾಗಾದ್ರೆ ಸುಳ್ಳು ಹೇಳಿದೆ ಅಂದ್ಕೋ. ಬಾಯಿಗೆ ಬಂತು, ಹೇಳಿಬಿಟ್ಟೆ."

"ಸುಳ್ಳು ಹೇಳೋನು ಹತ್ತು ಅಂತಾನೆ, ಇಪ್ಪತ್ತು ಅಂತಾನೆ. ಇಪ್ಪತ್ತೇಳು ಅನ್ನೋನು ಎಣಿಸಿರ್ತಾನೆ."

ತರ್ಕದ ದೃಷ್ಟಿಯಿಂದ ಇದರಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ. ಶಿಂದೆಲಾರ್‌ಗೂ ಕಂಡಿರಲಾರದು. ಅವರು ಬಾಗಿಲು ಹಾಕಿಕೊಂಡು ಪಬ್ಬಿಗೆ ಹೋದರು.

ಪಬ್ಬಿನಲ್ಲಿ ಆ ಸಂಜೆ ಅವರಿಗೆ ಒಲೆಯ ಪಕ್ಕದ ಕುರ್ಚಿ ಸಿಕ್ಕಿತು. ಇಷ್ಟು ವರ್ಷ ಅವರು ಕೂರುತ್ತಿದ್ದುದು ಬಾಗಿಲಿನ ಹತ್ತಿರ, ಕೋಟುಗಳ ಕೆಳಗೆ. ಹೆಂಡತಿಗೇ ಅಲ್ಲವಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬಿಯರ್ ತಂದಿಟ್ಟವನು ಹಣ ಬೇಡ ಅಂದ. ಯಾರೋ ಭುಜ ತಟ್ಟಿ, "ನೋಡೋಕೆ ನೀರಿನ ಮೀಟರು, ಒಳಗೆ ನೋಡಿದ್ರೆ ಜಲಪಾತ," ಅಂದರು. ಶಿಂದೆಲಾರ್ ಸುಮ್ಮನಿದ್ದರು. ಸುಮ್ಮನಿದ್ದದ್ದನ್ನು ಊರು ವಿನಯವೆಂದು ತಿಳಿಯಿತು. ಮಾರನೇ ದಿನದ ಹೊತ್ತಿಗೆ ನಿಜ ಹೇಳಿದರೂ ನಂಬುವವರು ಉಳಿದಿರಲಿಲ್ಲ.

ಆ ಹೆಂಗಸು ಯಾರು ಎಂಬುದೇ ಈಗ ಪ್ರಶ್ನೆ. ಸಾಮಾನ್ಯವಾಗಿ ಇಂಥ ವಿಷಯದಲ್ಲಿ ಹೆಂಗಸರು ನಾನಲ್ಲ ಅನ್ನುತ್ತಾರೆ. ಇಲ್ಲಿ ಒಂದು ತೊಡಕಿತ್ತು. ನಾನಲ್ಲ ಅಂದರೆ ನನಗೆ ಮುತ್ತು ಸಿಕ್ಕಿಲ್ಲ, ನಾನು ಇಪ್ಪತ್ತೇಳು ವರ್ಷದಿಂದ ಒಣಗುತ್ತಿದ್ದೇನೆ ಎಂದು ಒಪ್ಪಿಕೊಂಡಂತೆ. ಎರಡನೇ ಮಹಡಿಯ ವೊಂದ್ರೊವಾ, ಯಾರೂ ಕೇಳುವ ಮೊದಲೇ, "ನಾನಂತೂ ಬಾಯಿ ಬಿಡಲ್ಲ," ಅಂದುಬಿಟ್ಟರು. ಬೇಕರಿಯವಳು ಶಿಂದೆಲಾರ್ ಹೆಸರು ಬಂದ ಕೂಡಲೇ ಬ್ರೆಡ್ಡಿನ ಕಡೆ ತಿರುಗಿಕೊಂಡಳು. ಬ್ಲಾಂಕಾ ಕೊನೆಗೆ ದ್ರಾಹಾ ಅಜ್ಜಿಯ ಕಿಟಕಿಗೆ ಹೋದರು.

"ಅಜ್ಜೀ, ಮರ ನಿಮ್ಮ ಮೂಗಿನ ಮುಂದೇನೇ ಇದೆ. ನೋಡಿರ್ಬೇಕಲ್ಲ ನೀವು."

"ನೋಡಿದ್ದೆಲ್ಲ ಹೇಳೋಕಾಗುತ್ತಾ?" ಅಂದು ಅಜ್ಜಿ ಕೂದಲು ಸರಿಮಾಡಿಕೊಂಡರು.

"ನೀವೂನಾ?"

"ನಾನು ಹಾಗಂದ್ನಾ? ಹಾಗೇನೂ ಅನ್ನಲಿಲ್ಲ." ಅಜ್ಜಿ ಇನ್ನೊಂದು ಸಲ ಕೂದಲು ಸರಿಮಾಡಿಕೊಂಡರು.

ಮೂವರಾದರು. ತಲೆಗೆ ಒಂಬತ್ತು ಬೀಳುತ್ತದೆ. ಬ್ಲಾಂಕಾ ಮನೆಗೆ ಬಂದು ಗಂಡನಿಗೆ ತಮ್ಮ ತೀರ್ಮಾನ ಹೇಳಿದರು. ನಾನು ಮೇಲೆ ಕುಳಿತು ಕೇಳಿದೆ.

"ಒಂದನೇ ತಾರೀಕು ಹನ್ನೊಂದೂ ನಲವತ್ತಕ್ಕೆ ಬಸ್ಸಿದೆ. ಪಾರ್ದುಬಿತ್ಸೆಗೆ, ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಿವರೆಗೂ ಇಲ್ಲೇ ಇರ್ತೀನಿ. ಆ ಮರದ ಕೆಳಗೆ ಯಾರು ಬಂದು ನಿಲ್ತಾರೆ ಅಂತ ನೋಡ್ಕೊಂಡೇ ಹೋಗ್ತೀನಿ."

"ಯಾವಾಗ ಬರ್ತೀಯ?"

"ನಾನು ಹೋಗೋದು ಹೇಳಿದೆ. ಬರೋದು ಹೇಳಲಿಲ್ಲ."

ಇದು ಸಾಲದೆಂಬಂತೆ ಹ್ಲಾವಾಚ್ ಅಳತೆಯ ಟೇಪು ಹಿಡಿದು ಅಂಗಳಕ್ಕೆ ಬಂದರು. ಈ ಸಲದ ಮೇ ಒಂದರ ಪ್ರೇಮಿಗಳ ದಿನವನ್ನು ಊರಿನ ಪರವಾಗಿ ಈ ಮರದ ಕೆಳಗೇ ಆಚರಿಸುವುದೆಂದು ತೀರ್ಮಾನವಾಗಿತ್ತು. ಅಗ್ನಿಶಾಮಕ ದಳದ ವಾದ್ಯ, ಸಾಸೇಜು, ಸಾಸಿವೆ, ಬಿಯರ್. ಹತ್ತೂವರೆಗೆ ಶಿಂದೆಲಾರ್ ಅವರಿಂದ ಇಪ್ಪತ್ತೆಂಟನೆಯ ಮುತ್ತು.

"ಯಾರಿಗೆ ಅಂತ ನಾವು ಕೇಳಲ್ಲ," ಅಂದರು ಹ್ಲಾವಾಚ್, ದನಿ ತಗ್ಗಿಸಿ. "ಪುರಸಭೆ ಖಾಸಗಿ ವಿಷಯಕ್ಕೆ ಕೈ ಹಾಕಲ್ಲ. ನೀವು ಕರ್ಕೊಂಡು ಬಂದ್ರಾಯ್ತು." ಆಮೇಲೆ ಕೊಂಬೆಯೊಂದನ್ನು ಬಗ್ಗಿಸಿ ನೋಡಿದರು. ಮೊಗ್ಗುಗಳು ಬೇಳೆಯಷ್ಟಿದ್ದವು. "ಒಂದನೇ ತಾರೀಕಿಗೆ ಅರಳುತ್ತಲ್ಲ?"

"ಅರಳುತ್ತೆ," ಅಂದರು ಶಿಂದೆಲಾರ್.

ನೆಟ್ಟಂದಿನಿಂದ ಆ ಮರ ಒಂದನೇ ತಾರೀಕಿಗೆ ಅರಳಿದ್ದೇ ಇಲ್ಲ. ಬೇಗ ಅಂದರೆ ಎಂಟಕ್ಕೆ, ಕೆಲವು ವರ್ಷ ಹತ್ತಕ್ಕೆ. ಇದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರಿಗೂ ನೆನಪಾಗಲಿಲ್ಲ. ಹೆಂಗಸರ ಮುಖ ನೋಡುತ್ತಿದ್ದವರಿಗೆ ಮರ ನೋಡಲು ಪುರಸೊತ್ತಿರಲಿಲ್ಲ.

ಹತ್ತೊಂಬತ್ತನೇ ತಾರೀಕು ಸಂಜೆ ಆರಕ್ಕೆ ನನ್ನ ಬಾಗಿಲು ತಟ್ಟಿದರು. ಶಿಂದೆಲಾರ್. ಎರಡು ಬಕೆಟ್ಟು, ಕಂಕುಳಲ್ಲಿ ಹಾಳೆ ಸುತ್ತಿದ ದೊಡ್ಡ ಹೊರೆ.

"ನಿಮ್ಮ ಸ್ನಾನದ ತೊಟ್ಟಿ ಬೇಕಿತ್ತು."

"ಯಾತಕ್ಕೆ?"

"ಡಿಸೆಂಬರಲ್ಲಿ, ಸಂತ ಬಾರ್ಬರಾ ದಿನ, ಚೆರ್ರಿ ಕಡ್ಡಿ ಕಡಿದು ನೀರಲ್ಲಿ ಇಡ್ತೀವಲ್ಲ. ಕ್ರಿಸ್‌ಮಸ್ಸಿಗೆ ಹೂ ಬಿಡುತ್ತೆ. ಅಡುಗೆಮನೆ ಬಿಸಿಗೆ." ಅವರು ಹೊರೆಯನ್ನು ಇನ್ನಷ್ಟು ಅಪ್ಪಿಕೊಂಡರು. "ಅದನ್ನೇ ಈಗ ಮಾಡೋದು. ಒಂದನೇ ತಾರೀಕು ಬೆಳಿಗ್ಗೆ ತಂತಿಲಿ ಮರಕ್ಕೆ ಕಟ್ಟಿಬಿಡ್ತೀನಿ. ಬ್ಲಾಂಕಾ ಕಿಟಕಿಯಿಂದ ನೋಡ್ತಾಳೆ, ಹೂವಿರುತ್ತೆ, ಕೆಳಗೆ ಬೇರೆ ಯಾವ ಹೆಂಗಸೂ ಇರಲ್ಲ, ನಾನೊಬ್ಬನೇ ನಿಂತಿರ್ತೀನಿ. ಆಗ ಅರ್ಥ ಆಗುತ್ತೆ ಅವಳಿಗೆ."

"ಎಷ್ಟು ಕೊಂಬೆ ಕಡಿದ್ರಿ?"

"ಕೈಗೆ ಎಟುಕಿದ್ದೆಲ್ಲ."

"ನಿಮ್ಮ ತೊಟ್ಟೀಲೇ ಇಡಬಹುದಲ್ಲ."

"ಅವಳು ಸ್ನಾನದಮನೆಗೆ ಬೀಗ ಹಾಕಿಬಿಟ್ಟಿದಾಳೆ. ಕಟ್ಟಡದಲ್ಲಿ ನಿಮ್ಮದೊಂದೇ..." ಅಂದು ಅವರು ತಡವರಿಸಿದರು. ಒಬ್ಬರೇ ಇರುವ ಮನೆಯ ತೊಟ್ಟಿಗೆ ಸರದಿಯಿಲ್ಲ ಎಂಬುದು ಅದರ ಅರ್ಥ. ಸರಿಯಾಗಿಯೇ ಇತ್ತು. ಬಾಗಿಲು ತೆರೆದೆ.

ಹನ್ನೆರಡು ದಿನ ನಾನು ಅಡುಗೆಮನೆಯ ಸಿಂಕಿನ ಮುಂದೆ ಮೈ ತೊಳೆದುಕೊಂಡೆ. ಹನ್ನೆರಡು ಸಂಜೆ ಶಿಂದೆಲಾರ್ ಸರಿಯಾಗಿ ಆರಕ್ಕೆ ಬಂದು ಚಪ್ಪಲಿ ಹೊರಗೆ ಬಿಟ್ಟು, ಉಗುರುಬೆಚ್ಚಗಿನ ನೀರು ಬದಲಿಸಿ, ಅಭ್ಯಾಸಬಲದಿಂದ ನನ್ನ ಮೀಟರನ್ನೂ ಓದಿ ಹೋದರು. ಬಾಗಿಲಾಚೆ ಬಿಟ್ಟ ಆ ಚಪ್ಪಲಿಯನ್ನು ಕಟ್ಟಡ ಓದಿಕೊಂಡಿತು.

"ಈ ವಿಧವೆಯೇ," ಅಂದರು ವೊಂದ್ರೊವಾ ಮೆಟ್ಟಿಲ ಮೇಲೆ. ಸ್ವಲ್ಪ ನಿರಾಶೆಯಿಂದಲೇ ಅಂದರು.

"ಲೆಕ್ಕ ಕೂಡಲ್ಲ," ಅಂದರು ದ್ರಾಹಾ ಅಜ್ಜಿ. "ಇಪ್ಪತ್ತೇಳು ವರ್ಷದ ಹಿಂದೆ ಇವಳಿಗೆ ಏಳು. ಈ ಊರಿಗೆ ಬಂದೇ ನಾಲ್ಕು ವರ್ಷ."

"ಹಾಗಾದ್ರೆ ಕೊನೇ ನಾಲ್ಕು ಇವಳದು. ಮೊದಲಿನ ಇಪ್ಪತ್ತಮೂರು ಯಾರದೋ."

"ಯಾರದೋ," ಅಂದರು ಅಜ್ಜಿ, ದೂರ ನೋಡುತ್ತ.

ಒಂದು ಮಹಡಿ ಇಳಿದು ಬ್ಲಾಂಕಾಗೆ ನಾನೇ ಹೇಳಬಹುದಿತ್ತು. ಹೇಳಬೇಡಿ ಎಂದು ಶಿಂದೆಲಾರ್ ಕೇಳಿಕೊಂಡಿದ್ದರು, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣವೆಂದರೆ, ಮೆಟ್ಟಿಲಿಳಿದು ಯಾರಿಗಾದರೂ ಏನನ್ನಾದರೂ ಹೇಳುವುದು ನನಗೆ ಎರಡು ವರ್ಷದಿಂದ ತಪ್ಪಿಹೋಗಿತ್ತು. ಒಂದು ದಿನ ಧೈರ್ಯ ಮಾಡಿ ಔಷಧಿ ಅಂಗಡಿಗೆ ಹೋದೆ.

"ಏನು ಕೊಡ್ಲಿ?" ಅಂದರು ಬ್ಲಾಂಕಾ.

"ಕೈಗೆ ಹಚ್ಚೋ ಕ್ರೀಮು. ಚರ್ಮ ಒಣಗುತ್ತೆ."

"ನಿಮಗ್ಯಾಕೆ ಅದು? ನೀವು ಒಣಗೋ ಹಾಗೆ ಕಾಣ್ತಿಲ್ಲ."

ಚಿಲ್ಲರೆಯನ್ನು ಅವರು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟರು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಅರ್ಧ ದಾರಿಯಲ್ಲಿ.

ಮೇ ಒಂದು ಬಂತು. ಬೆಳಿಗ್ಗೆ ಹಲ್ಲುಜ್ಜಲು ಹೋದವಳು ಸ್ನಾನದಮನೆಯ ಬಾಗಿಲಲ್ಲೇ ನಿಂತೆ. ರಾತ್ರಿ ಬೆಳಗಾಗುವುದರಲ್ಲಿ ತೊಟ್ಟಿಯೆಲ್ಲ ಅರಳಿತ್ತು. ಗೋಡೆಯ ಬಿಳಿ ಟೈಲುಗಳಿಗಿಂತ ಬೆಳ್ಳಗೆ. ಬ್ರಶ್ಶು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹಲ್ಲುಜ್ಜಲಿಲ್ಲ.

ಕೆಳಗೆ ಒಂಬತ್ತಕ್ಕೇ ವಾದ್ಯದವರು ಬಂದರು. ಅವರ ಮುಂದೆ ಮರ ನಿಂತಿತ್ತು. ಎಟುಕುವಷ್ಟು ಎತ್ತರದವರೆಗೆ ಬೋಳು, ಮೇಲೆ ಬೇಳೆಯಂಥ ಮೊಗ್ಗು. ನುಣ್ಣಗೆ ಕ್ಷೌರ ಮಾಡಿಸಿ ಟೋಪಿ ಹಾಕಿಕೊಂಡವರ ಹಾಗೆ. ಶಿಂದೆಲಾರ್ ಏಳಕ್ಕೆ ಎದ್ದು ತಂತಿ ಕಟ್ಟುವ ಯೋಚನೆಯಲ್ಲಿದ್ದರು. ಆದರೆ ಸಾಸೇಜಿನವನು ಆರಕ್ಕೇ ಬಂದು ಒಲೆ ಹಚ್ಚಿ, ಹೊಗೆ ಯಾವ ಕಡೆ ಹೋಗುತ್ತದೆ ನೋಡಿ ಎಂದು ಅವರನ್ನು ನಿಲ್ಲಿಸಿಕೊಂಡ. ಆಮೇಲೆ ಹ್ಲಾವಾಚ್ ಬಂದು ಅವರ ಕೋಟಿಗೆ ರಿಬ್ಬನ್ ಚುಚ್ಚಿದರು. ಆಮೇಲೆ ಜನ ಬಂದರು. ಜನರ ಮುಂದೆ ಹೂವು ಕಟ್ಟುವುದು ಹೇಗೆ?

ಜನರ ನಡುವೆ ವೊಂದ್ರೊವಾ ಹೊಸ ಕೋಟಿನಲ್ಲಿದ್ದರು. ಬೇಕರಿಯವಳು ತುಟಿಗೆ ಬಣ್ಣ ಹಚ್ಚಿದ್ದಳು. ಇಬ್ಬರೂ ಸಾಸೇಜಿಗೆ ಬಂದವರು. ಹಾಗೆಂದು ತಾವಾಗಿಯೇ ಎಲ್ಲರಿಗೂ ಹೇಳುತ್ತಿದ್ದರು. ದ್ರಾಹಾ ಅಜ್ಜಿ ಕಿಟಕಿಯ ದಿಂಬಿಗೆ ಹೊಸ ಗವಸು ಹಾಕಿದ್ದರು. ಎರಡನೇ ಮಹಡಿಯ ಕಿಟಕಿಯಲ್ಲಿ ಬ್ಲಾಂಕಾ ಟೋಪಿ ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಸೂಟ್‌ಕೇಸಿನ ಹಿಡಿ ಕಾಣುತ್ತಿತ್ತು.

ಹತ್ತೂಮುಕ್ಕಾಲಾಯಿತು. ವಾದ್ಯದವರು ಅದೇ ಹಾಡನ್ನು ಮೂರನೇ ಸಲ ಬಾರಿಸಿದರು. "ಶಿಂದೆಲಾರ್ ಅವರೇ, ಊರು ಕಾಯ್ತಿದೆ," ಅಂದರು ಹ್ಲಾವಾಚ್ ಮೈಕಿನಲ್ಲಿ. ಶಿಂದೆಲಾರ್ ಮರ ನೋಡಿದರು, ಕಿಟಕಿ ನೋಡಿದರು, ಒಂದು ಕೈಯಲ್ಲಿ ತಂತಿಸುರುಳಿ ಹಿಡಿದು ಕಟ್ಟಡದೊಳಗೆ ಓಡಿಬಂದರು. ಎರಡನೇ ಮಹಡಿ ದಾಟಿದರು. ನನ್ನ ಮನೆಗೆ ನುಗ್ಗಿದರು. ಈ ಸಲ ಚಪ್ಪಲಿ ಬಿಡಲಿಲ್ಲ.

ಅವರ ಹಿಂದೆಯೇ ಸೂಟ್‌ಕೇಸು ಮೆಟ್ಟಿಲಿಗೆ ಬಡಿಯುತ್ತ ಬರುವ ಸದ್ದು. ಅದರ ಹಿಂದೆ ದ್ರಾಹಾ ಅಜ್ಜಿಯ ಕೋಲು. ಎಪ್ಪತ್ತೆಂಟು ವರ್ಷದ ಮಂಡಿಗಳು ಆ ದಿನ ನನ್ನ ಮಹಡಿಗೆ ಏರಿದ ವೇಗವನ್ನು ನಾನು ಇನ್ನೊಮ್ಮೆ ಕಂಡಿಲ್ಲ.

"ಕೊನೆಗೂ ಸಿಕ್ಕಿದ್ಯಾ," ಅಂದರು ಬ್ಲಾಂಕಾ ಸ್ನಾನದಮನೆಯ ಬಾಗಿಲಲ್ಲಿ. ಆಮೇಲೆ ತೊಟ್ಟಿ ನೋಡಿದರು. ಸೂಟ್‌ಕೇಸು ಕೆಳಗಿಟ್ಟರು.

ಶಿಂದೆಲಾರ್ ಒದ್ದೆ ಕೊಂಬೆಯನ್ನು ಅಪ್ಪಿಕೊಂಡು ನಿಂತಿದ್ದರು. ನೀರು ಅವರ ರಿಬ್ಬನ್ನಿನ ಮೇಲೆ ಇಳಿಯುತ್ತಿತ್ತು.

ಬ್ಲಾಂಕಾ ನನ್ನ ಕಡೆ ತಿರುಗಿದರು. "ಎಷ್ಟು ದಿನದಿಂದ ಇದೆ ಇದು?"

"ಹನ್ನೆರಡು."

"ನೀವು ಸ್ನಾನ ಎಲ್ಲಿ ಮಾಡಿದ್ರಿ?"

"ಸಿಂಕಿನಲ್ಲಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಔಷಧಿ ಅಂಗಡಿಯವರ ನೋಟ. "ಇಲ್ಲ," ಅಂದರು ಕೊನೆಗೆ. "ಪ್ರೀತಿಸೋನಿಗೋಸ್ಕರ ಯಾವ ಹೆಂಗಸೂ ಹನ್ನೆರಡು ದಿನ ಸ್ನಾನ ಬಿಡಲ್ಲ." ನನ್ನ ಶೀಲಕ್ಕೆ ಇಷ್ಟು ಗಟ್ಟಿಯಾದ ಪ್ರಮಾಣಪತ್ರ ಇನ್ನೆಲ್ಲೂ ಸಿಗುತ್ತಿರಲಿಲ್ಲ.

"ಹಾಗಾದ್ರೆ ಯಾರು, ಲುಬೊಶ್? ಇಪ್ಪತ್ತೇಳು ಸಲ?"

"ಯಾರೂ ಇಲ್ಲ."

"ಎಣಿಸಿದೀಯಲ್ಲ."

"ಎಣಿಸಿದೀನಿ." ಶಿಂದೆಲಾರ್ ಕೊಂಬೆಯ ಹಿಂದಿನಿಂದಲೇ ಮಾತಾಡಿದರು. "ಪ್ರತಿ ವರ್ಷ ಒಂದನೇ ತಾರೀಕು ಕೆಳಗಿಳಿದು ನೋಡ್ತೀನಿ. ಹೂ ಬಿಟ್ಟಿರಲ್ಲ. ಹೂ ಬಿಟ್ಟಿದ್ರೆ ಮೇಲೆ ಬಂದು ನಿನ್ನ ಕರೆಯೋಣ ಅಂತ. ಹೂ ಬಿಡೋ ಹೊತ್ತಿಗೆ ತಾರೀಕು ಎಂಟಾಗಿರುತ್ತೆ. ಎಂಟಕ್ಕೆ ಕರೆದ್ರೆ ನೀನು ನಗ್ತೀಯ ಅಂತ..."

"ಇಪ್ಪತ್ತೇಳು ಸಲ ನೋಡಿ ಬಂದ್ಯಾ?"

"ಹೂಂ."

"ಕಸ ಹಾಕಿ ಬರ್ತೀನಿ ಅಂತ ಹೋಗ್ತಿದ್ದಿದ್ದು?"

"ಕಸಾನೂ ಹಾಕ್ತಿದ್ದೆ."

"ಅದು ನಿಜ," ಅಂದರು ದ್ರಾಹಾ ಅಜ್ಜಿ ಬಾಗಿಲಿಂದ, ಏದುಸಿರಿನ ನಡುವೆ. "ಪ್ರತಿ ವರ್ಷ ನೋಡ್ತೀನಿ. ಕಸದ ಬುಟ್ಟಿ ಹಿಡ್ಕೊಂಡು ಮರದ ಕೆಳಗೆ ಒಬ್ಬನೇ ಬಾಯಿ ತೆಗೆದು ನಿಂತಿರ್ತಾನೆ. ಏನೋ ಕಾಯಿಲೆ ಅಂದ್ಕೊಂಡಿದ್ದೆ."

"ಹೇಳಬಾರದಾಗಿತ್ತಾ ಅಜ್ಜೀ?"

"ಕಾಯಿಲೆ ವಿಷಯ ಹೇಗಮ್ಮಾ ಹೇಳೋದು?"

ಮಿಲಾನ್ ಮತ್ತು ನಾನು ಈ ಊರಿಗೆ ಬಂದ ಮೊದಲ ವರ್ಷವೂ ಒಂದನೇ ತಾರೀಕು ಆ ಮರ ಬೋಳಾಗಿತ್ತು. ಮುಂದಿನ ವರ್ಷ ನೋಡೋಣ ಅಂದಿದ್ದ. ಮುಂದಿನ ವರ್ಷವೂ ಹಾಗೇ ಅಂದಿದ್ದ.

ನಾನು ತೊಟ್ಟಿಯ ಅಂಚು ಹತ್ತಿದೆ. ಯಾಕೆ ಹತ್ತಿದೆ ಎಂದು ಆಗ ಯೋಚಿಸಲಿಲ್ಲ. ಶಿಂದೆಲಾರ್ ಕೈಯಿಂದ ಕೊಂಬೆ ತೆಗೆದುಕೊಂಡು ಅವರಿಬ್ಬರ ತಲೆಯ ಮೇಲೆ ಎತ್ತಿ ಹಿಡಿದೆ. ಭಾರವಿತ್ತು. ನೀರು ತೋಳಿನೊಳಗೆ ಇಳಿಯಿತು.

"ಬೇಗ," ಅಂದೆ. "ಕೈ ನೋಯುತ್ತೆ."

ಕೆಳಗೆ ಹ್ಲಾವಾಚ್ ಮೈಕಿನಲ್ಲಿ, ಕಾರ್ಯಕ್ರಮ ತಾಂತ್ರಿಕ ಕಾರಣದಿಂದ ತಡವಾಗುತ್ತಿದೆ ಎಂದು ಸಾರುತ್ತಿದ್ದರು. ಬ್ಲಾಂಕಾ ಟೋಪಿ ತೆಗೆದು ಸೋಪಿನ ಬಟ್ಟಲಿನ ಮೇಲಿಟ್ಟರು. ನಾನು ಗೋಡೆಯ ಟೈಲುಗಳನ್ನು ನೋಡಿದೆ. ಎರಡು ಸಾಲು ಎಣಿಸಿದೆ. ಚೌಕದಿಂದ ಹನ್ನೊಂದೂ ನಲವತ್ತರ ಬಸ್ಸು ಹೊರಟ ಸದ್ದು ಕೇಳಿದಾಗ ಸೂಟ್‌ಕೇಸು ಇನ್ನೂ ನನ್ನ ಸ್ನಾನದಮನೆಯ ಬಾಗಿಲಿಗೆ ಅಡ್ಡವಾಗಿತ್ತು. ಇಬ್ಬರೂ ನನ್ನ ಅಡುಗೆಮನೆಯಲ್ಲಿ ಕಾಫಿಗೆ ಕೂತಿದ್ದರು. ಆ ಮರದ ಗತಿ ನೋಡು, ಕುರಿ ಉಣ್ಣೆ ತೆಗೆದ ಹಾಗೆ ಮಾಡಿದೀಯ ಎಂದು ಬ್ಲಾಂಕಾ ಬೈಯುತ್ತಿದ್ದರು. ಹದಿನೈದು ದಿನಗಳ ಬೈಗುಳ ಬಾಕಿಯಿತ್ತು.

ಅದಕ್ಕೂ ಮೊದಲು, ಅವರಿಬ್ಬರೂ ಅಡುಗೆಮನೆಗೆ ಹೋದ ಕೂಡಲೇ ನಾನು ತೊಟ್ಟಿಯ ಅಂಚಿನಿಂದ ಇಳಿಯುವಾಗ ದ್ರಾಹಾ ಅಜ್ಜಿ ಕೈ ಕೊಟ್ಟಿದ್ದರು.

"ಕೊಂಬೆ ಇಳಿಸ್ಬೇಡ," ಅಂದರು.

"ಯಾಕಜ್ಜಿ?"

"ಬಗ್ಗು."

ಬಗ್ಗಿದೆ. ಅಜ್ಜಿ ನನ್ನ ಕೆನ್ನೆಗೆ ಒಂದು ಮುತ್ತು ಕೊಟ್ಟರು. ಒಣಗಿದ ತುಟಿ, ಜೀರಿಗೆಯ ವಾಸನೆ. "ಲೆಕ್ಕಕ್ಕೆ ಬರುತ್ತೆ," ಅಂದರು. "ನಮ್ಮ ಕಾಲದಲ್ಲೂ ಗಂಡಸರು ಸಾಲದೆ ಹೋದಾಗ ನಾವು ನಾವೇ ಕೊಟ್ಟುಕೊಳ್ತಿದ್ವಿ. ಹಾಜರಿ ಮುಖ್ಯ." ಕೋಲೂರಿಕೊಂಡು ಸಾಸೇಜಿಗೆ ಇಳಿದುಹೋದರು.

ಮರ ಒಂಬತ್ತನೇ ತಾರೀಕು ಅರಳಿತು, ಎಂದಿನ ಹಾಗೆ ತಡವಾಗಿ, ಯಾರ ಕೈಗೂ ಎಟುಕದ ಮೇಲಿನ ಕೊಂಬೆಗಳಲ್ಲಿ ಮಾತ್ರ. ಆ ಸಂಜೆ ಶಿಂದೆಲಾರ್ ಕಸ ಹಾಕಲು ಇಳಿದರು. ಬ್ಲಾಂಕಾ ಖಾಲಿ ಕೈಯಲ್ಲಿ ಜೊತೆಗೆ ಇಳಿದರು.

ಹದಿನೈದಕ್ಕೆ ಮಾಸಪತ್ರಿಕೆಯಲ್ಲಿ ನಾನು ಬರೆದುಕೊಟ್ಟ ತಿದ್ದುಪಡಿ ಬಂತು: 'ಕಳೆದ ಸಂಚಿಕೆಯ ಲೇಖನದಲ್ಲಿ ಇಪ್ಪತ್ತೇಳು ಎಂದಿರುವುದನ್ನು ಒಂದು ಎಂದು ಓದಿಕೊಳ್ಳಬೇಕಾಗಿ ವಿನಂತಿ. ತಪ್ಪಿಗೆ ವಿಷಾದಿಸುತ್ತೇವೆ.' ವೊಂದ್ರೊವಾ ಆಮೇಲೆ ಒಂದು ವಾರ ಶಿಂದೆಲಾರ್ ಜೊತೆ ಮಾತು ಬಿಟ್ಟಿದ್ದರು.

ತೊಟ್ಟಿಯ ಮೂಲಕ ಆ ವರ್ಷ ನಮ್ಮ ಕಟ್ಟಡಕ್ಕೆ ಸಿಕ್ಕಿದ ಮುತ್ತು, ಸರಿಯಾಗಿ ಹೇಳುವುದಾದರೆ, ಎರಡು. ಕರಡು ತಿದ್ದುವವಳಾಗಿ ಇದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಹಾಗೇ ಬಿಟ್ಟೆ.